ಗುಟ್ಟಿನ ಗುಂಪು ಇಲ್ಲೇ ಇತ್ತು
ಹಿರೇಕೆರೂರಿನ ಬಸ್ ಸ್ಟ್ಯಾಂಡಿನಲ್ಲಿ ಕೂತು ಓದಿದರೂ ಡ್ಯಾನ್ ಬ್ರೌನ್‌ನ ‘ದಿ ಲಾಸ್ಟ್ ಸಿಂಬಲ್’ (2009) ಅಮೆರಿಕದ ರಾಜಧಾನಿಗೇ ಎಳೆದೊಯ್ಯುತ್ತದೆ. ಕಥೆ ಫ್ರೀಮೇಸನ್ನರೆಂಬ ಗುಟ್ಟಿನ ಸಂಘದ ಸುತ್ತ. ಜಾರ್ಜ್ ವಾಷಿಂಗ್ಟನ್ ಫ್ರೀಮೇಸನ್ ಆಗಿದ್ದದ್ದು ನಿಜ. 1793ರಲ್ಲಿ ಕ್ಯಾಪಿಟಲ್ ಕಟ್ಟಡದ ಅಡಿಗಲ್ಲನ್ನು ಆ ಸಂಘದ ವಿಧಿಯಂತೆ ಇಟ್ಟದ್ದೂ ನಿಜ. ಆದರೆ ಅದಕ್ಕೆ ಮೆರವಣಿಗೆಯಲ್ಲೇ ಹೋಗಿದ್ದರು, ಗುಟ್ಟೇನು ಬಂತು? ಅಸಲಿ ಗುಟ್ಟಿನ ಗುಂಪು ಇದ್ದದ್ದು ನಮ್ಮ ಹಾವೇರಿ ಸೀಮೆಯಲ್ಲಿ. ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದವರು. 1942ರ ಚಳವಳಿಯಲ್ಲಿ ಭೂಗತರಾದರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಖಜಾನೆಗೆ ಕೈಹಾಕಿದಾಗ ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠರೊಂದಿಗೆ ಗುಂಡಿಗೆ ಬಲಿಯಾದರು. ಅಲ್ಲಿಯವರೆಗೆ ಯಾರ ಮನೆಯಲ್ಲಿ ಉಂಡರು, ಸುದ್ದಿ ಯಾರು ಮುಟ್ಟಿಸುತ್ತಿದ್ದರು? ರೋಚಕ ಕಾದಂಬರಿಗೆ ಇನ್ನೇನು ಬೇಕು! ‘ಕನಕ ಮುಸುಕು’ ಬರೆದ ಕೆ.ಎನ್. ಗಣೇಶಯ್ಯನವರು ಒಮ್ಮೆ ಇತ್ತಲೂ ಬರಲಿ.