ಮುಚ್ಚಳ ತೆರೆದ ಲೇಸರ್

ಕಳೆದ ರಾಜ್ಯೋತ್ಸವದಂದು ನಮ್ಮ ಸಂಘದ ವೇದಿಕೆಯ ಮೇಲಿದ್ದ ಮರದ ಅಕ್ಷರಗಳನ್ನು ಎಲ್ಲರೂ ಮೆಚ್ಚಿಕೊಂಡರು. ನಾನೂ ಮೆಚ್ಚಿದೆ. ಅವನ್ನು ತನ್ನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಲೇಸರ್ ಯಂತ್ರದಿಂದ ಕತ್ತರಿಸಿದವನು ನನ್ನ ತಂಗಿಯ ಮಗ. ಮರುವಾರ ಅವನ ಮನೆಗೆ ಹೋಗಿ ಯಂತ್ರವನ್ನು ಕಂಡಾಗ ಮೆಚ್ಚುಗೆ ಅರ್ಧಕ್ಕಿಳಿಯಿತು. ಯಂತ್ರ ಓಡುತ್ತಿತ್ತು, ಮುಚ್ಚಳ ತೆರೆದೇ ಇತ್ತು. ‘ಮುಚ್ಚಿದರೆ ಸರಿಯಾಗಿ ಕಾಣುವುದಿಲ್ಲ ಮಾಮ’ ಎಂದ.

ಹವ್ಯಾಸಿಗಳು ‘ಕೆ-೪೦’ ಎಂದು ಕರೆಯುವ ಚೀನಾದ ಪೆಟ್ಟಿಗೆ ಅದು. ಒಳಗೊಂದು ಗಾಜಿನ ಕೊಳವೆ, ಅದರಲ್ಲಿ ಇಂಗಾಲದ ಡೈಆಕ್ಸೈಡ್, ಅದನ್ನು ಬೆಳಗಿಸಲು ೧೫ ಸಾವಿರ ವೋಲ್ಟಿಗೂ ಮೀರಿದ ವಿದ್ಯುತ್ತು, ತಂಪಿಗೆ ಒಂದು ಬಕೆಟ್ ನೀರು. ಈ ಬಗೆಯ ಲೇಸರನ್ನು ೧೯೬೪ರಲ್ಲಿ ಕಂಡುಹಿಡಿದ ಕುಮಾರ್ ಪಟೇಲರು ಬಾರಾಮತಿಯಲ್ಲಿ ಹುಟ್ಟಿ ಪುಣೆಯ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದವರೆಂದು ಹುಡುಗ ಹೆಮ್ಮೆಯಿಂದ ಹೇಳಿದ. ಸಂತೋಷ. ಆದರೆ ಅವರು ಕಂಡುಹಿಡಿದದ್ದು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಬಟ್ಟೆ ಒಣಹಾಕುವ ಬಾಲ್ಕನಿಯಲ್ಲಲ್ಲ.

ಇನ್ನೇನು ಸುಧಾರಣೆ ಮಾಡಿಸುತ್ತೀಯೆಂದು ಕೇಳಿದೆ. ಒಳ್ಳೆಯ ಲೆನ್ಸು, ಹೊಸ ಕಂಟ್ರೋಲರು, ಇನ್ನೂ ಹೆಚ್ಚು ವಾಟಿನ ಕೊಳವೆ ಎಂದ. ಇಲ್ಲಿಯೇ ನನ್ನ ತಕರಾರು. ಯಂತ್ರ ಇಷ್ಟು ಅಗ್ಗವಾದದ್ದು ಹೇಗೆ? ದೊಡ್ಡ ಯಂತ್ರಕ್ಕಿರುವ ಕಾವಲುಗಳನ್ನು ಬಿಟ್ಟು ಕಟ್ಟಿದ್ದರಿಂದ. ಆ ಉಳಿತಾಯದ ಹಣ ಮೊದಲು ಅಲ್ಲಿಗೇ ಹೋಗಬೇಕು. ನಾನು ಮೂವತ್ತು ವರ್ಷ ಕಾರ್ಖಾನೆಯಲ್ಲಿ ದುಡಿದವನು. ಗಾರ್ಡ್ ಬಿಚ್ಚಿಟ್ಟು ಪ್ರೆಸ್ ಓಡಿಸಿದವರ ಕೈ ಕುಲುಕಿದ್ದೇನೆ. ಐದು ಬೆರಳು ಸಿಗುತ್ತಿರಲಿಲ್ಲ.

ನಮ್ಮ ಹುಡುಗ ಮಾಡಿದ್ದೇನು? ಪ್ಲಗ್ಗು ನಮ್ಮ ಗೋಡೆಗೆ ಹೊಂದುವುದಿಲ್ಲವೆಂದು ಬೀದಿಬದಿಯ ಅಡಾಪ್ಟರ್ ಸಿಕ್ಕಿಸಿ ಅರ್ಥಿಂಗನ್ನೇ ಕಳೆದಿದ್ದ. ಬಕೆಟ್ಟಿಗೆ ನಲ್ಲಿ ನೀರು ಸುರಿದಿದ್ದ. ಅದರಲ್ಲಿ ವಿದ್ಯುತ್ತು ಹರಿಯುತ್ತದೆ. ಡಿಸ್ಟಿಲ್ಡ್ ನೀರೇ ಬೇಕು. ಪಂಪು ನಿಂತರೆ ಕೊಳವೆ ಕೆಲವೇ ಹೊತ್ತಿನಲ್ಲಿ ಸೀಳುತ್ತದೆ. ಮುಚ್ಚಳ ಎತ್ತಿದೊಡನೆ ಕಿರಣ ನಿಲ್ಲಿಸುವ ಸ್ವಿಚ್ಚು, ನೀರು ಹರಿಯದಿದ್ದರೆ ನಿಲ್ಲಿಸುವ ಇನ್ನೊಂದು ಸ್ವಿಚ್ಚು: ಎರಡೂ ಸೇರಿ ಹೊಸ ಕೊಳವೆಯ ಬೆಲೆಯ ಸಣ್ಣ ಪಾಲು. ಲ್ಯಾಮಿಂಗ್ಟನ್ ರೋಡಿಗೆ ಒಂದು ಸಲ ಹೋಗಿಬರುವ ಸೋಮಾರಿತನವಲ್ಲದೆ ಇದು ಮತ್ತೇನು?

ಈ ಕಿರಣ ಕಣ್ಣಿಗೆ ಕಾಣುವುದಿಲ್ಲ. ಕಾಣುವುದು ಸುಡುವ ಜಾಗದ ಬೆಳಕು ಮಾತ್ರ. ಮುಚ್ಚಳದ ಅಕ್ರಿಲಿಕ್ ಕಿಟಕಿ ಇದನ್ನು ತಡೆಯಬಲ್ಲದು, ಮುಚ್ಚಿದ್ದರೆ. ಈಚೆಗೆ ಬರುತ್ತಿರುವ ನೀಲಿ ಡಯೋಡಿನ ಯಂತ್ರಗಳ ಕತೆ ಬೇರೆ. ಆ ಬೆಳಕು ಬಣ್ಣವಿಲ್ಲದ ಗಾಜನ್ನು ದಾಟಿ ನೇರ ಅಕ್ಷಿಪಟಕ್ಕೆ ಹೋಗುತ್ತದೆ. ಅದಕ್ಕೆ ಆ ತರಂಗಕ್ಕೆಂದೇ ಮಾಡಿದ ಕನ್ನಡಕ ಬೇಕು, ಯಂತ್ರದ ಜೊತೆ ಪುಕ್ಕಟೆ ಬಂದ ಬಣ್ಣದ ಪ್ಲಾಸ್ಟಿಕ್ಕನ್ನು ನಂಬುವಂತಿಲ್ಲ.

ಇನ್ನು ಹೊಗೆ. ಅಂದು ಮೇಲಿನ ಮನೆಯ ಅಜ್ಜಿ ಕೆಮ್ಮುತ್ತಿದ್ದರು. ಪ್ಲೈವುಡ್ಡಿನ ಹೊಗೆಯೇ ಕೆಟ್ಟದ್ದು. ರೆಕ್ಸಿನ್, ಫ್ಲೆಕ್ಸ್ ಬ್ಯಾನರು ಮುಂತಾದವುಗಳಲ್ಲಿ ಪಿವಿಸಿ ಇದ್ದರೆ ಸುಟ್ಟಾಗ ಬರುವುದು ಹೈಡ್ರೋಜನ್ ಕ್ಲೋರೈಡ್. ಅದು ಶ್ವಾಸಕೋಶವನ್ನೂ ತಿನ್ನುತ್ತದೆ, ಯಂತ್ರದ ಕಬ್ಬಿಣವನ್ನೂ ತಿನ್ನುತ್ತದೆ. ಸಂಶಯವಿದ್ದರೆ ತಾಮ್ರದ ತಂತಿಯನ್ನು ಕೆಂಪಗೆ ಕಾಯಿಸಿ ಆ ಪ್ಲಾಸ್ಟಿಕ್ಕಿಗೆ ಮುಟ್ಟಿಸಿ ಮತ್ತೆ ಉರಿಗೆ ಹಿಡಿಯಿರಿ. ಜ್ವಾಲೆ ಹಸಿರಾದರೆ ಯಂತ್ರದೊಳಗೆ ಇಡಬೇಡಿ.

‘ಇಷ್ಟು ದಿನ ಏನೂ ಆಗಿಲ್ಲವಲ್ಲ’ ಎಂಬ ಮಾತಿಗೆ ನನ್ನಲ್ಲಿ ತಾಳ್ಮೆಯಿಲ್ಲ. ಅಕ್ರಿಲಿಕ್ ಹೊತ್ತಿಕೊಳ್ಳಲು ಒಬ್ಬರು ಚಹಾ ಮಾಡಿಕೊಂಡು ಬರುವಷ್ಟು ಹೊತ್ತು ಸಾಕು. ಓಡುತ್ತಿರುವ ಯಂತ್ರದ ಪಕ್ಕ ಮನುಷ್ಯ ಇರಬೇಕು, ಕೈಗೆಟುಕುವಂತೆ ಬೆಂಕಿ ನಂದಿಸುವ ಸಿಲಿಂಡರು ಇರಬೇಕು.

ಸೊಸೈಟಿಯ ಕಾರ್ಯದರ್ಶಿಗೆ ಹೇಳಿ ನಿಲ್ಲಿಸಿಬಿಡಿ ಎನ್ನುವವರಿದ್ದಾರೆ. ನಾನು ಆ ಪಂಗಡದವನಲ್ಲ. ಕೈಕೆಲಸ ಕಲಿಯುವ ಹುಡುಗರು ನಮ್ಮಲ್ಲಿ ಎಷ್ಟು ಮಂದಿ? ಅಲ್ಲದೆ ತಪ್ಪು ಅವನೊಬ್ಬನದೂ ಅಲ್ಲ. ಅಕ್ಷರ ಬೇಕೆಂದವರು ನಾವು. ಹಿಂದಿನ ರಾತ್ರಿ ಹನ್ನೊಂದಕ್ಕೆ ಫೋನು ಮಾಡಿ, ಬೆಳಗಾಗುವುದರೊಳಗೆ ಇನ್ನೆರಡು ಕತ್ತರಿಸಿಕೊಡು ಎಂದವರೂ ನಾವೇ. ಹೊಗೆ ಎಲ್ಲಿಗೆ ಹೋಯಿತೆಂದು ಯಾರೂ ಕೇಳಲಿಲ್ಲ.

ಆದ್ದರಿಂದ ಕಾರ್ಯಕಾರಿ ಸಮಿತಿಯವರಲ್ಲಿ ನನ್ನ ಬೇಡಿಕೆ. ಬರುವ ರಾಜ್ಯೋತ್ಸವದ ಖರ್ಚಿನ ಪಟ್ಟಿಯಲ್ಲಿ ಹಾರತುರಾಯಿಗಳಿಗಿಂತ ಮೇಲೆ ಆ ಎರಡು ಸ್ವಿಚ್ಚು, ಒಂದು ಗಟ್ಟಿ ಎಕ್ಸಾಸ್ಟ್ ಫ್ಯಾನು, ಒಂದು ಸಿಲಿಂಡರು ಬರೆಯಿರಿ. ಆಗದಿದ್ದರೆ ಅಕ್ಷರಗಳನ್ನು ರಟ್ಟಿನಲ್ಲಿ ಕತ್ತರಿಸೋಣ. ಕತ್ತರಿ ನಾನೇ ತರುತ್ತೇನೆ.