ತುಂಬೆಯ ಗುರುತು

ತುಂಬೆಯನ್ನರಿಯದ ಕನ್ನಡಿಗರುಂಟೆ? ಶಿವಪೂಜೆಗೆ ಅದು ಬೇಕು. ಬಿಳುಪಿಗೆ ಉಪಮಾನವೂ ಅದೇ. ಆದರೆ ಮುಂಗಾರು ಕಳೆದ ಮೇಲೆ ಕೆಂಗೇರಿಗೆ ಸಮೀಪದ ತುರಹಳ್ಳಿಯ ಕುರುಚಲು ಕಾಡಿನಲ್ಲಿ ನಿಂತು, “ತುಂಬೆ ಯಾವುದು, ತೋರಿಸಿ” ಎಂದರೆ ನಮ್ಮಲ್ಲಿ ಅನೇಕರ ಬೆರಳು ತಡವರಿಸುತ್ತದೆ. ಅಲ್ಲಿ ಅರಳಿದ ಬಿಳಿಯ ಹೂವೆಲ್ಲ ತುಂಬೆಯಲ್ಲ.

ಮೊದಲು ಕಾಂಡವನ್ನು ಬೆರಳುಗಳ ನಡುವೆ ಹೊರಳಿಸಿ ನೋಡಬೇಕು. ಅದು ದುಂಡಗಿಲ್ಲ, ಚೌಕ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿರುತ್ತವೆ. ಇಷ್ಟರಿಂದ ತುಳಸಿ, ಪುದೀನಗಳ ಕುಲವೆಂದು ತಿಳಿಯಿತು. ತುಂಬೆಯೆಂದು ಇನ್ನೂ ತಿಳಿಯಲಿಲ್ಲ. ಹೂಗಳು ಗೆಣ್ಣಿನ ಸುತ್ತ ದಟ್ಟವಾದ ಚೆಂಡಿನಂತೆ ಕುಳಿತಿರುತ್ತವೆ. ಹೂವಿನ ಮೇಲ್ದುಟಿ ಗಿಡ್ಡ, ಅದರ ಮೇಲೆ ಬಿಳಿಯ ನವುರಾದ ರೋಮ. ಕೆಳದುಟಿ ಅದಕ್ಕಿಂತ ಬಹು ಉದ್ದವಾಗಿ ಚಾಚಿಕೊಂಡಿರುತ್ತದೆ. ಮಕ್ಕಳು ಮಾಡುವಂತೆ ಹೂವನ್ನು ಮೆಲ್ಲನೆ ಸೆಳೆದು ಮಕರಂದವನ್ನು ಹೀರಿ ನೋಡಿ. ಗಿಡದಲ್ಲಿ ಉಳಿದ ಹಸಿರು ಬಟ್ಟಲೇ ನಿಜವಾದ ಸಾಕ್ಷಿ. ಅದು ತುಸು ಬಾಗಿದೆ, ಬಾಯಿ ಓರೆಯಾಗಿದೆ, ಅಂಚಿನಲ್ಲಿ ಎಂಟು ಹತ್ತು ಸಣ್ಣ ಹಲ್ಲುಗಳಿವೆ. ತಳದಲ್ಲಿ ನಾಲ್ಕು ಬೀಜಗಳು ಬಲಿಯುತ್ತವೆ. ಸಂಸ್ಕೃತದವರು ಇದನ್ನು ದ್ರೋಣಪುಷ್ಪಿ ಎಂದರು. ಶಾಸ್ತ್ರಜ್ಞರ ಹೆಸರು ಲ್ಯೂಕಾಸ್ ಆಸ್ಪೆರಾ: ಗ್ರೀಕಿನ ಬಿಳುಪು, ಲ್ಯಾಟಿನ್ನಿನ ಒರಟುತನ ಎರಡನ್ನೂ ಹೊಂದಿದ ಹೆಸರು. ಎಲೆ ಮುಟ್ಟಿದವರಿಗೆ ಒರಟುತನದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತುಂಬೆಯ ಒಂದು ಸೋದರ ಗಿಡ ನೆಲದಲ್ಲೇ ಹರಡುತ್ತದೆ. ಅದರ ಹೂಗಳು ಚೆಂಡುಗಟ್ಟದೆ ಕಂಕುಳಲ್ಲಿ ಎರಡೆರಡಾಗಿ ಅರಳುತ್ತವೆ. ಕರಿತುಂಬೆ ಎತ್ತರ, ದಪ್ಪ ಎಲೆಯದು, ಹೂವು ನಸುನೇರಿಳೆ. ಅಮೆರಿಕದ ಉಷ್ಣವಲಯದಿಂದ ಬಂದ ಹಿಪ್ಟಿಸ್ ಎಂಬುದೂ ಇದೇ ಕುಲದ್ದು. ಘಾಟುವಾಸನೆ, ನೀಲಿಛಾಯೆಯ ಸಣ್ಣ ಹೂ. ಬೇರೂರಿದಲ್ಲಿ ಪೊದೆಗಟ್ಟಿ ನಮ್ಮ ಪುಟ್ಟ ಗಿಡಗಳನ್ನು ಒತ್ತರಿಸುತ್ತದೆ. ನೆಗಡಿಗೆ ಮನೆಮದ್ದೆಂದು ತುಂಬೆ ಸೊಪ್ಪು ಹುಡುಕುವವರು ಹೆಸರನ್ನಷ್ಟೇ ನಂಬಿದರೆ ಸಾಲದು.

ಬೇಸಾಯಗಾರನಿಗೆ ತುಂಬೆ ಕಳೆ, ಪೂಜಾರಿಗೆ ಪವಿತ್ರ. ಊರು ಬೆಳೆದಂತೆ ಮೊದಲನೆಯವನ ಮಾತೇ ಗೆಲ್ಲುತ್ತಿದೆ. 2021ರಲ್ಲಿ ತುರಹಳ್ಳಿಯಲ್ಲಿ ವೃಕ್ಷೋದ್ಯಾನ ಮಾಡುವ ಯೋಜನೆ ಹೊರಟಾಗ ನಾಗರಿಕರು ಪ್ರತಿಭಟಿಸಿದರು. ಉದ್ಯಾನವೆಂದರೆ ದಾರಿ ಹಸನುಮಾಡುವುದು, ನೆಲ ಸವರುವುದು ತಾನೆ? ಮರಗಳನ್ನು ಎಣಿಸುವವರುಂಟು, ತುಂಬೆಯನ್ನು ಎಣಿಸುವವರಾರು? ಅದು ಹೆಚ್ಚಾಗಿ ಒಂದೇ ವರ್ಷ ಬಾಳುವ ಗಿಡ. ಬೀಜ ಉದುರುವ ಮುನ್ನ ಸವರಿದರೆ ಮುಂದಿನ ಮಳೆಗೆ ಏಳುವುದು ಹೇಗೆ?

ಹೋಗುವವರು ಬೆಳಗಿನಲ್ಲೇ ಹೋಗಿ, ಜೊತೆಗೊಂದು ಭೂತಗನ್ನಡಿಯಿರಲಿ. ಗಿಡವನ್ನು ಬೇರುಸಹಿತ ಕೀಳಬೇಡಿ. ಗುರುತಿಗೆ ಒಂದು ಬಟ್ಟಲು ಸಾಕು.