ಇಪ್ಪತ್ತು ಸಾವಿರಕ್ಕಿಂತ ಕಡಿಮೆ ಬಂದರೆ?

ಪಿರಿಯಾಪಟ್ಟಣದ ಕಡೆಯ ಕಂಪಲಾಪುರದ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆಯಲ್ಲಿ ದರ ಏರಲಿ, ಇಳಿಯಲಿ, ರೈತನ ಒಂದು ಕಣ್ಣು ತೂಕದ ಅಂಕಿಯ ಮೇಲೆ ಇದ್ದೇ ಇರುತ್ತದೆ. ತಕ್ಕಡಿ ತೋರಿಸಿದ್ದನ್ನು ಅವನು ನಂಬಲೇಬೇಕು. ತಕ್ಕಡಿಯೊಳಗಿನ ಸಾಫ್ಟ್‌ವೇರ್ ಯಾರನ್ನು ನಂಬಬೇಕು ಎಂಬುದು ಬೇರೆಯೇ ಪ್ರಶ್ನೆ.

ಎಲೆಕ್ಟ್ರಾನಿಕ್ ತಕ್ಕಡಿಗಳಿಗೆಂದೇ ತಯಾರಾದ ಎಚ್‌ಎಕ್ಸ್711 ಎಂಬ ಅಗ್ಗದ ಚಿಪ್ ಇದೆ. ತೂಕವನ್ನು ಗ್ರಹಿಸುವ ಲೋಡ್ ಸೆಲ್ ಕೊಡುವ ಸಣ್ಣ ವೋಲ್ಟೇಜನ್ನು 24 ಬಿಟ್ ಅಂಕಿಯಾಗಿಸುವುದು ಅದರ ಕೆಲಸ. ಕಂಪಲಾಪುರದ ತಕ್ಕಡಿಯಲ್ಲಿ ಇರುವುದೂ ಇದೇ ಎಂದಲ್ಲ. ಆದರೆ ಲಿನಕ್ಸ್ ಕರ್ನೆಲ್‌ನಲ್ಲಿ ಇದನ್ನು ನಡೆಸುವ ಕೋಡ್, ಅಂದರೆ ಡ್ರೈವರ್, ಇದೆ. ಕೋಡ್ ಪರಿಶೀಲನೆ ಕಲಿಯಲು ಅದು ಸೊಗಸಾದ ಪಾಠ. ಅದಕ್ಕೂ ಮೊದಲು ಸ್ವಲ್ಪ ಹಿನ್ನೆಲೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಎನ್‌ಕೋರ್ ಕಂಪನಿಯೊಡನೆ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕ ಆರ್ಮ್ ಪ್ರೊಸೆಸರಿನ ಮೇಲೆ ಲಿನಕ್ಸ್ ಓಡಿಸುತ್ತಿದ್ದ ಕಾಲದಲ್ಲಿ, ಆರ್ಮ್ ಬೋರ್ಡುಗಳ ವಿವರವನ್ನು ಸಿ ಭಾಷೆಯ ಕಡತದಲ್ಲೇ ಬರೆಯುವುದು ವಾಡಿಕೆ. ಬೋರ್ಡಿಗೊಂದು ಕಡತ! 2011ರ ಮಾರ್ಚ್‌ನಲ್ಲಿ ಲಿನಕ್ಸ್ ಜನಕ ಲೀನಸ್ ಟೊರ್ವಾಲ್ಡ್ಸ್ ಈ ಆರ್ಮ್ ಗೊಂದಲದ ಬಗ್ಗೆ ಸಿಡಿದೆದ್ದರು. ವಿವರಗಳನ್ನು ಡಿವೈಸ್ ಟ್ರೀ ಎಂಬ ಪ್ರತ್ಯೇಕ ದತ್ತಾಂಶಕ್ಕೆ ಸಾಗಿಸುವ ಕೆಲಸ ಆಮೇಲೆ ಚುರುಕಾಯಿತು. ಕರ್ನೆಲ್ ಹಗುರವಾಯಿತು, ನಿಜ. ಆದರೆ ಹೊರಗಿನಿಂದ ಬಂದ ವಿವರವನ್ನು ಓದಿ ಅರ್ಥಮಾಡಿಕೊಳ್ಳುವ ಹೊಣೆ ಪ್ರತಿ ಡ್ರೈವರಿನ ತಲೆಗೆ ಬಿತ್ತು.

ಎಚ್‌ಎಕ್ಸ್711 ಡ್ರೈವರ್ ಅದನ್ನು ನಿಭಾಯಿಸುವುದು ಹೀಗೆ. ಮೊದಲೇ ಕ್ಲಾಕ್ ವೇಗವನ್ನು 4,00,000 ಹರ್ಟ್ಸ್ ಎಂದು ಇಟ್ಟುಕೊಂಡು, ಆಮೇಲೆ ಡಿವೈಸ್ ಟ್ರೀಯಲ್ಲಿ ಏನಾದರೂ ಬರೆದಿದೆಯೇ ಎಂದು ನೋಡುತ್ತದೆ. ಓದುವ ಫಂಕ್ಷನ್ ವಿಫಲವಾದರೆ ವೇರಿಯಬಲ್ಲನ್ನು ಮುಟ್ಟುವುದಿಲ್ಲ. ಮೊದಲಿನ ಬೆಲೆ ಹಾಗೇ ಉಳಿಯುತ್ತದೆ. ಆರಂಭದ ಬೆಲೆಯನ್ನೂ ಕೊಡದೆ, ಫಂಕ್ಷನ್ ಹಿಂತಿರುಗಿಸಿದ ಉತ್ತರವನ್ನೂ ನೋಡದೆ ಮುಂದೆ ಹೋದರೆ ಮೆಮೊರಿಯಲ್ಲಿದ್ದ ಕಸವೇ ವೇಗವಾಗಬಹುದು. ಪರಿಶೀಲಕರು ಮೊದಲು ಹುಡುಕಬೇಕಾದ ತಪ್ಪು ಇದು.

ಬಂದ ಸಂಖ್ಯೆ 20,000ಕ್ಕಿಂತ ಕಡಿಮೆಯಿದ್ದರೆ ಡ್ರೈವರ್ ಎಚ್ಚರಿಕೆ ಮುದ್ರಿಸಿ ಮತ್ತೆ ನಾಲ್ಕು ಲಕ್ಷಕ್ಕೇ ಮರಳುತ್ತದೆ. ಕಾರಣ ಡೇಟಾಶೀಟ್‌ನಲ್ಲಿದೆ: ಕ್ಲಾಕ್ ಪಿನ್ 50 ಮೈಕ್ರೋಸೆಕೆಂಡಿಗಿಂತ ಹೆಚ್ಚು ಹೊತ್ತು ಮೇಲೆ ನಿಲ್ಲಬಾರದು, 60 ದಾಟಿದರೆ ಚಿಪ್ ನಿದ್ದೆಗೆ ಜಾರುತ್ತದೆ. ಈ ಒಂದು ಸಾಲಿನ ತಪಾಸಣೆಯಿಂದ ಇನ್ನೊಂದು ಉಪಕಾರವೂ ಆಗಿದೆ. ಮುಂದಿನ ಹೆಜ್ಜೆಯಲ್ಲಿ ಡ್ರೈವರ್ ನೂರು ಕೋಟಿಯನ್ನು ಇದೇ ವೇಗದಿಂದ ಭಾಗಿಸಿ ಎಷ್ಟು ನ್ಯಾನೊಸೆಕೆಂಡ್ ಕಾಯಬೇಕೆಂದು ಲೆಕ್ಕ ಹಾಕುತ್ತದೆ. ಈ ತಪಾಸಣೆ ಇರದೆ, ಯಾರಾದರೂ ಸೊನ್ನೆ ಬರೆದಿದ್ದರೆ? ಕರ್ನೆಲ್ ಒಳಗೆ ಸೊನ್ನೆಯಿಂದ ಭಾಗಾಕಾರ!

ಬೈಟ್‌ಗಳ ಕ್ರಮ ಮತ್ತೊಂದು ಹೊಂಡ. ಡಿವೈಸ್ ಟ್ರೀಯಲ್ಲಿ ದೊಡ್ಡ ಸ್ಥಾನದ ಬೈಟ್ ಮೊದಲು. ಸಾಮಾನ್ಯ ಆರ್ಮ್ ಲಿನಕ್ಸ್‌ನಲ್ಲಿ ಚಿಕ್ಕದು ಮೊದಲು. ಸಿದ್ಧ ಫಂಕ್ಷನ್ನುಗಳನ್ನು ಬಿಟ್ಟು ನೇರ ಕೈಹಾಕಿ ಓದಿದರೆ 1 ಎಂಬುದು 1,67,77,216 ಆಗುತ್ತದೆ.

ಡಿವೈಸ್ ಟ್ರೀ ಬೋರ್ಡ್ ತಯಾರಕರದೇ, ಅದನ್ನು ಇಷ್ಟು ಅನುಮಾನಿಸಬೇಕೆ ಎಂದು ಕೇಳುವವರಿದ್ದಾರೆ. ಅವರ ಮಾತಿನಲ್ಲಿ ಹುರುಳಿದೆ: ಮುಂಚಿತವಾಗಿ ತಪ್ಪು ಹಿಡಿಯಲು ಸ್ಕೀಮಾ ತಪಾಸಣೆಯೂ ಈಗ ಇದೆ. ಎಲ್ಲ ಸಾಲಿಗೂ ಕಾವಲು ಹಾಕಿದರೆ ಕೋಡ್ ಓದಲಾಗದು. ಆದರೆ ಭಾಗಿಸುವ ಸಂಖ್ಯೆ, ಅರೇಯ ಅಳತೆ, ಚಿಪ್ಪಿನ ಮಿತಿ, ಈ ಮೂರು ಕಡೆ ರಿಯಾಯಿತಿ ಸಲ್ಲದು.

ಹುಣಸೂರು, ಪಿರಿಯಾಪಟ್ಟಣದ ಕಡೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಈ ಡ್ರೈವರನ್ನು ಒಮ್ಮೆ ತೆರೆದು ಓದಬೇಕು. ಕೆಲವೇ ನೂರು ಸಾಲು. ಕರ್ನೆಲ್‌ಗೆ ಬರುವ ತಿದ್ದುಪಡಿಗಳನ್ನು ಯಾರು ಬೇಕಾದರೂ ಪರಿಶೀಲಿಸಬಹುದು. ಸರಿಯಾಗಿ ಪರಿಶೀಲಿಸಿದವರ ಹೆಸರು 'ರಿವ್ಯೂಡ್-ಬೈ' ಎಂಬ ಸಾಲಿನಲ್ಲಿ ದಾಖಲಾಗುತ್ತದೆ. ಅದಕ್ಕೆ ಯಾವ ಕಂಪನಿಯ ಗುರುತಿನ ಚೀಟಿಯೂ ಬೇಕಿಲ್ಲ.